ಬಣ್ಣ ಹಾಕದ ಗೋಬಿ, ವೀಳ್ಯದೆಲೆಯ ಜಿನ್: ಗೋಕುಲಂನಲ್ಲಿ ಒಂದು ಚೈನೀಸ್ ಊಟ

ಮೈಸೂರಿನ ಗೋಕುಲಂನಲ್ಲಿ ಮೊದಲ ಮಹಡಿ ಮೇಲೆ ಒಂದು ಚೈನೀಸ್ ರೆಸ್ಟೋರೆಂಟ್ ಇದೆ. ಅದರಲ್ಲೇ ಕಾಕ್‌ಟೇಲ್ ಬಾರ್ ಕೂಡ. ಅಲ್ಲಿಗೆ ಹೋದರೆ ಮೊದಲು ಹುರುಳಿಕಾಯಿ ತರಿಸಿ. ಹೌದು, ದೇವರಾಜ ಮಾರುಕಟ್ಟೆಯಲ್ಲಿ ರಾಶಿ ಹಾಕಿಕೊಂಡು ಮಾರುವ ಅದೇ ಹುರುಳಿಕಾಯಿ. ಆ ಅಡುಗೆಮನೆಯಲ್ಲಿ ಕೆಲಸ ಬಲ್ಲವರು ಇದ್ದಾರೆ ಅನ್ನುವುದು ಆ ಒಂದು ತಟ್ಟೆಯಲ್ಲೇ ಗೊತ್ತಾಗುತ್ತದೆ.

ನಾನು ಸರಸ್ವತಿಪುರಂನಲ್ಲಿ ಸಣ್ಣ ಮಟ್ಟದಲ್ಲಿ ಕೇಟರಿಂಗ್ ನಡೆಸುತ್ತೇನೆ. ನಾಮಕರಣ, ಗೃಹಪ್ರವೇಶ, ಆಫೀಸಿನ ಊಟ, ಹೀಗೆ. ಮುಂದೆ ಒಂದೆರಡು ದೂರುಗಳನ್ನೂ ಹೇಳುವುದಿದೆ. ಇದೇ ಕಸುಬಿನಲ್ಲಿರುವ ನಾನು ಇನ್ನೊಬ್ಬರ ಹೋಟೆಲಿನ ಹೆಸರು ಹಾಕಿ ದೂರುವುದು ಸರಿಯಲ್ಲ. ಆದ್ದರಿಂದ ಹೆಸರು ಬೇಡ.

ಶನಿವಾರ ಸಂಜೆ ಹೋಗಿದ್ದೆವು. ಮಂಡ್ಯದಿಂದ ಅಕ್ಕ, ಭಾವ ಬಂದಿದ್ದರು. ಜೊತೆಗೆ ಅಮ್ಮ, ನಮ್ಮನೆಯವರು, ಮಗಳು. ಅಮ್ಮ ಶನಿವಾರ ಮಾಂಸ ಮುಟ್ಟುವುದಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ, ಆಮೇಲೆ ಬರುತ್ತೇನೆ.

ಮತ್ತೆ ಹುರುಳಿಕಾಯಿಗೆ. ನಾವು ಪಲ್ಯ ಮಾಡುವಾಗ ಸಣ್ಣಗೆ ಹೆಚ್ಚಿ, ಸ್ವಲ್ಪ ನೀರು ಚಿಮುಕಿಸಿ, ಬೇಯಿಸಿ, ಕಾಯಿತುರಿ ಹಾಕುತ್ತೇವೆ. ಚೀನಾದ ಸಿಚುವಾನ್ ಕಡೆಯವರು ನೀರನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ಬೆರಳುದ್ದದ ಕಾಯಿಯನ್ನು ಎಣ್ಣೆಯಲ್ಲಿ ಮೇಲೆಲ್ಲ ಸುಕ್ಕು ಬೀಳುವ ತನಕ ಬಾಡಿಸುತ್ತಾರೆ. ಎಣ್ಣೆ ಬಸಿಯುತ್ತಾರೆ. ಅದೇ ಬಾಣಲೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪಿನಲ್ಲಿ ಊರಿಸಿಟ್ಟ ಸಾಸಿವೆ ಗಿಡದ ದಂಟು ಹಾಕಿ ಒಂದೆರಡು ಸಲ ಎಗರಿಸಿ ಇಳಿಸುತ್ತಾರೆ. ಅಲ್ಲಿ ಇದಕ್ಕೆ ಹಂದಿಮಾಂಸದ ಕೈಮಾ ಸೇರಿಸುವುದು ರೂಢಿ. ಇಲ್ಲಿ ಬೇಡ ಎಂದರೆ ಹಾಕುವುದಿಲ್ಲ. ನಮ್ಮ ಟೇಬಲ್ಲಿಗೆ ಬಂದ ಕಾಯಿ ಹೊರಗೆ ಸುಕ್ಕು, ಒಳಗೆ ಮೆತ್ತಗೆ. ತಟ್ಟೆಯ ತಳದಲ್ಲಿ ಎಣ್ಣೆ ನಿಂತಿರಲಿಲ್ಲ. ಸಾಸಿನ ಹನಿಯೂ ಇರಲಿಲ್ಲ. ಅಮ್ಮ ಎರಡನೇ ಸಲ ಹಾಕಿಸಿಕೊಂಡರು.

ಅಡುಗೆಮನೆಗೆ ಗಾಜಿನ ಗೋಡೆ ಇದೆ. ನಾನು ಬೇಕಂತಲೇ ಅದರ ಎದುರಿನ ಟೇಬಲ್ ಕೇಳಿ ಕೂತೆ. ದುಂಡು ತಳದ ಬಾಣಲೆ, ಅದರಡಿ ಭರ್ ಅಂತ ಉರಿಯುವ ದೊಡ್ಡ ಬರ್ನರ್. ಡಾರ್ಜಿಲಿಂಗ್ ಕಡೆಯ ಅಡುಗೆಯವರೊಬ್ಬರು ಬಾಣಲೆಯನ್ನು ಹಿಂದೆ ಮುಂದೆ ಆಡಿಸುತ್ತಲೇ ಇದ್ದರು. ಈ ಉರಿ ಸುಮ್ನೆ ನೋಡೋಕೆ ಚೆಂದ ಅಂತ ಇಟ್ಟದ್ದಲ್ಲ. ಉರಿ ಸಣ್ಣದಾದರೆ ತರಕಾರಿ ನೀರು ಬಿಡುತ್ತದೆ, ಆ ನೀರಿನಲ್ಲೇ ಬೇಯುತ್ತದೆ. ಉರಿ ಜೋರಾಗಿದ್ದರೆ ನೀರು ಹೊರಗೆ ಬಂದಂತೆಯೇ ಆವಿಯಾಗುತ್ತದೆ. ಕಾಯಿಯ ಮೈ ಅಲ್ಲಲ್ಲಿ ಕಪ್ಪಗೆ ಸುಟ್ಟು ಒಂದು ಹೊಗೆ ವಾಸನೆ ಹತ್ತುತ್ತದೆ. ಮನೆಯ ಗ್ಯಾಸ್ ಒಲೆಯಲ್ಲಿ ಅದು ಬರುವುದು ಕಷ್ಟ. ಇನ್ನೊಂದು ವಿಷಯವನ್ನೂ ಗಮನಿಸಿದೆ. ಅವರು ಒಂದು ಸಲಕ್ಕೆ ಒಂದೇ ಟೇಬಲ್ಲಿನ ಆರ್ಡರ್ ಹಾಕುತ್ತಿದ್ದರು. ನಾಲ್ಕು ಪ್ಲೇಟು ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗುತ್ತದೆ. ಮದುವೆ ಅಡುಗೆಯಲ್ಲಿ ಗೋಬಿ ಎಣ್ಣೆ ಕುಡಿಯುವುದೂ ಇದೇ ಕಾರಣಕ್ಕೆ. ಜನ ಕಾಯುತ್ತಾರೆ ಅಂತ ಬಾಣಲೆ ತುಂಬಿಸುತ್ತೇವೆ, ಎಣ್ಣೆಯ ಕಾವು ಇಳಿಯುತ್ತದೆ. ಶನಿವಾರದ ಗದ್ದಲದಲ್ಲೂ ಇವರು ಆ ಆಸೆಗೆ ಬೀಳಲಿಲ್ಲ. ಈ ಹೋಟೆಲಿನ ಮೇಲೆ ನನಗೆ ಗೌರವ ಬಂದದ್ದು ಅಲ್ಲೇ.

ಬಡಿಸುತ್ತಿದ್ದ ಹುಡುಗ ಹುಣಸೂರಿನ ಹತ್ತಿರದವನು. ಮೆನು ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡದ ಒಂದಕ್ಷರವೂ ಇಲ್ಲ. ಮೈಸೂರಿನಲ್ಲಿ ಹೋಟೆಲು ಇಟ್ಟು, ಅಮ್ಮನಂಥವರ ಕೈಗೆ ಅವರಿಂದ ಓದಲಾಗದ ಮೆನು ಕೊಡುವುದು ನನಗೆ ಬೇಜಾರಾಯಿತು. ಮ್ಯಾನೇಜರಿಗೂ ಹೇಳಿದೆ. ಆದರೆ ಈ ಹುಡುಗ ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದ. ಅಮ್ಮ ಕೇಳಿದರು, "ಸಸ್ಯಾಹಾರದ್ದು ಬೇರೆ ಮಾಡ್ತೀರೇನಪ್ಪ?" ಅವನು ಬಾಯಿಗೆ ಬಂದ ಉತ್ತರ ಕೊಡಲಿಲ್ಲ. "ಒಳಗೆ ಕೇಳ್ಕೊಂಡು ಬರ್ತೀನಿ ಅಜ್ಜಿ" ಅಂದ. ಬಂದು ಹೇಳಿದ: ಹಬೆಯಲ್ಲಿ ಬೇಯಿಸುವ ಬುಟ್ಟಿ ಬೇರೆ, ಹುರಿಯುವ ಬಾಣಲೆ ಬೇರೆ, ಆದರೆ ಕರಿಯುವ ಎಣ್ಣೆ ಮಾತ್ರ ಒಂದೇ. "ಗೋಬಿ ಬೇಡ ಅಜ್ಜಿ, ಬೇರೆಯದೆಲ್ಲ ತಿನ್ನಬಹುದು."

ಇಷ್ಟು ನಿಜ ಹೇಳುವವರು ಎಷ್ಟು ಜನ ಸಿಗುತ್ತಾರೆ? ಆ ಹುಡುಗನ ಬಗ್ಗೆ ಮ್ಯಾನೇಜರ್ ಹತ್ತಿರ ಒಳ್ಳೆಯ ಮಾತು ಹೇಳಿಯೇ ಬಂದೆ. ಆದರೂ ಇಷ್ಟು ದರ ತೆಗೆದುಕೊಳ್ಳುವ ಜಾಗದಲ್ಲಿ ಕರಿಯುವ ಎಣ್ಣೆಗೆ ಇನ್ನೊಂದು ಬಾಣಲೆ ಇಡಬಾರದೇ? ನಮ್ಮ ಕಡೆ ವಾರದಲ್ಲಿ ಒಂದೆರಡು ದಿನ ಮಾಂಸ ಬಿಡುವ ಮನೆಗಳು ಎಷ್ಟೊಂದು. ಅವರೆಲ್ಲ ಆ ದಿನ ಕರಿದದ್ದನ್ನು ಬಿಟ್ಟು ಏಳಬೇಕಾಗುತ್ತದೆ.

ಡಿಮ್ ಸಮ್, ಅಂದರೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಸಣ್ಣ ಕಡುಬು, ಎರಡು ಬಗೆ ತರಿಸಿದೆವು. ಒಂದು ಸಿಗಡಿಯದು, ಒಂದು ಅಣಬೆಯದು. ಮೈಸೂರಿನವರಿಗೆ ಮೊಮೊ ಹೊಸದಲ್ಲ. ಬೈಲಕುಪ್ಪೆಯಲ್ಲಿ 1961ರಲ್ಲೇ ಟಿಬೆಟನ್ನರು ನೆಲೆ ನಿಂತರು. ಆ ಕಡೆ ಹೋದವರೆಲ್ಲ ಮೊಮೊ ತಿಂದೇ ಬರುತ್ತಾರೆ. ಅದರ ಹೊದಿಕೆ ಮೈದಾದ್ದು, ಹಿಟ್ಟಿನ ರುಚಿ ಇರುತ್ತದೆ, ಹೊಟ್ಟೆಯೂ ತುಂಬುತ್ತದೆ. ಸಿಗಡಿಯ ಈ ಡಿಮ್ ಸಮ್ ದಕ್ಷಿಣ ಚೀನಾದ ಕ್ಯಾಂಟನ್ ಕಡೆಯದು. ಗೋಧಿಯಿಂದ ಅಂಟು ತೆಗೆದು ಉಳಿದ ಪಿಷ್ಟಕ್ಕೆ ಮರಗೆಣಸಿನ ಪಿಷ್ಟ ಸೇರಿಸಿ, ಕುದಿಯುವ ನೀರು ಸುರಿದು ನಾದುತ್ತಾರೆ. ಅಂಟು ಇಲ್ಲದ ಕಾರಣ ಹಿಟ್ಟು ಎಳೆದರೆ ಹರಿಯುತ್ತದೆ. ಅದನ್ನು ತೆಳ್ಳಗೆ ಒತ್ತಿ, ಒಂದು ಬದಿಗೆ ನಿರಿಗೆ ಹಿಡಿದು ಮುಚ್ಚುವುದು ಕೈಗೆ ಅಭ್ಯಾಸವಾಗಬೇಕು. ಬೆಂದ ಮೇಲೆ ಒಳಗಿನ ಗುಲಾಬಿ ಬಣ್ಣದ ಸಿಗಡಿ ಹೊದಿಕೆಯಲ್ಲೇ ಕಾಣುತ್ತದೆ. ಇಲ್ಲಿಯದು ಹಾಗೆಯೇ ಕಾಣುತ್ತಿತ್ತು. ಚಾಪ್‌ಸ್ಟಿಕ್‌ನಲ್ಲಿ ಎತ್ತಿದರೂ ಹರಿಯಲಿಲ್ಲ. ಅಣಬೆಯದ್ದರಲ್ಲಿ ಶುಂಠಿ ಸ್ವಲ್ಪ ಜಾಸ್ತಿ.

ಮಾಪೋ ತೋಫು (ತೋಫು ಅಂದರೆ ಸೋಯಾ ಹಾಲಿನ ಪನೀರ್) ಬಂದಾಗ ಅಕ್ಕ ಒಂದು ಚಮಚ ಬಾಯಿಗೆ ಹಾಕಿಕೊಂಡು ಹಾಗೇ ಕೂತಳು. "ಖಾರ ಅಲ್ಲ ಕಣೇ ಇದು, ತುಟಿ ಏನೋ ಆಯ್ತಿದೆ" ಅಂದಳು. ಅದು ಸಿಚುವಾನ್ ಮೆಣಸಿನ ಕೆಲಸ. ಹೆಸರಿಗೆ ಮೆಣಸು, ಆದರೆ ನಮ್ಮ ಕರಿಮೆಣಸಿಗೂ ಮೆಣಸಿನಕಾಯಿಗೂ ನೆಂಟಲ್ಲ. ನಿಂಬೆ ಕುಟುಂಬಕ್ಕೆ ಸೇರಿದ ಮುಳ್ಳುಗಿಡದ ಕಾಯಿ. ಒಳಗಿನ ಕಪ್ಪು ಬೀಜ ಬಿಸಾಡಿ ಹೊರಗಿನ ಸಿಪ್ಪೆ ಮಾತ್ರ ಬಳಸುತ್ತಾರೆ. ನಮ್ಮ ಕರಾವಳಿಯವರು ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ ಇದರದೇ ಜಾತಿ. ಅದನ್ನು ತಿಂದು ಬೆಳೆದವರಿಗೆ ಈ ತೋಫು ಪರಿಚಯದ ರುಚಿ ಅನ್ನಿಸಬಹುದು. ಮಂಡ್ಯದ ನಮಗೆ ಹೊಸದು. ಅಕ್ಕ ಸ್ವಲ್ಪ ಹೊತ್ತು ಬಿಟ್ಟು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಇದು ಚೆಂಗ್ಡು ಊರಿನ ಅಡುಗೆ. ಅದರ ಜೀವ ಇರುವುದು ದೊಡ್ಡ ಅವರೆ ಜಾತಿಯ ಕಾಳು ಮತ್ತು ಮೆಣಸಿನಕಾಯಿಯನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿದ ಕೆಂಪು ಪೇಸ್ಟ್‌ನಲ್ಲಿ. ಅದು ಇಲ್ಲದೆ ಸೋಯಾ ಸಾಸು, ಚಿಲ್ಲಿ ಸಾಸು ಹಾಕಿ ಮಾಡಿದರೆ ಮಾಪೋ ತೋಫು ಆಗುವುದಿಲ್ಲ. ಇಲ್ಲಿ ಆ ಪೇಸ್ಟ್ ಹಾಕಿದ್ದರು. ಎಣ್ಣೆ ಕೆಂಪಗೆ ಮೇಲೆ ತೇಲುತ್ತಿತ್ತು. ನಾಲಿಗೆಗೆ ಹಳೆಯ ಉಪ್ಪಿನಕಾಯಿಯ ಆಳ ಸಿಗುತ್ತಿತ್ತು. ತೋಫು ಅಲುಗಿದರೆ ಒಡೆಯುವಷ್ಟು ಮೆತ್ತಗೆ, ಆದರೂ ತುಂಡುಗಳು ಉಳಿದಿದ್ದವು. ಮಾಂಸದ ಬದಲು ಸಣ್ಣಗೆ ಹೆಚ್ಚಿದ ಅಣಬೆ. ಜೊತೆಗೆ ಬಿಳಿ ಅನ್ನ ತರಿಸಿಕೊಳ್ಳಿ, ನೂಡಲ್ಸ್ ಬೇಡ. ಸಾರಿನ ಹಾಗೆ ಕಲಸಿ ತಿಂದರೇ ಇದರ ಸುಖ.

ಟೇಸ್ಟಿಂಗ್ ಪೌಡರ್ (ಅಜಿನೊಮೊಟೊ) ಹಾಕುತ್ತೀರಾ ಅಂತ ಕೇಳಿದೆ. "ಸ್ವಲ್ಪ ಹಾಕ್ತೀವಿ ಮೇಡಂ, ಬೇಡ ಅಂದ್ರೆ ಬಿಡ್ತೀವಿ" ಎಂದು ಉತ್ತರ ಬಂತು. ನನಗೆ ಅದರ ಭಯ ಇಲ್ಲ. 1908ರಲ್ಲಿ ಜಪಾನಿನ ಇಕೆಡಾ ಎಂಬ ವಿಜ್ಞಾನಿ ಕಡಲ ಪಾಚಿಯ ಸಾರಿನಲ್ಲಿ ಕಂಡುಕೊಂಡ ರುಚಿ ಅದು. ಟೊಮೆಟೊ ಹಣ್ಣಿನಲ್ಲೂ ಆ ರುಚಿಯ ಅಂಶ ತಾನಾಗಿಯೇ ಇದೆ. ಕಡಿಮೆ ಹಾಕಿ, ಹಾಕಿದ್ದೇವೆ ಅಂತ ಹೇಳಿದರೆ ನನ್ನ ತಕರಾರು ಏನೂ ಇಲ್ಲ.

ನಾನು ನಿಜವಾಗಿ ಪರೀಕ್ಷೆ ಮಾಡಬೇಕೆಂದುಕೊಂಡು ಹೋದದ್ದು ಗೋಬಿ ಮಂಚೂರಿಯನ್ನಿನ ಬಣ್ಣವನ್ನು. ಸಿಚುವಾನ್ ಅಡುಗೆ ಮಾಡುವ ಜಾಗದಲ್ಲಿ ಗೋಬಿ ಯಾಕೆ ಅಂತ ಕೆಲವರು ಕೇಳಬಹುದು. ನಮ್ಮೂರಿನ ಮಕ್ಕಳಿಗೆ ಅದು ಬೇಕು, ನನ್ನ ಮಗಳಿಗೂ ಬೇಕು. ಅದು ಕೀಳು ಅಡುಗೆಯೂ ಅಲ್ಲ. ಮಂಚೂರಿಯನ್ ಹುಟ್ಟಿದ್ದು ಭಾರತದಲ್ಲೇ. ಕಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಮೊದಲು ಮಾಡಿದ್ದು ಚಿಕನ್ನಿನದು ಎನ್ನುತ್ತಾರೆ. ನಮ್ಮ ಒಗ್ಗರಣೆಯ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯೇ ಅದಕ್ಕೂ ಬುಡ. ಗರಂ ಮಸಾಲೆ ಹಾಕುವ ಜಾಗದಲ್ಲಿ ಸೋಯಾ ಸಾಸು ಹಾಕಿದರು, ಕಾರ್ನ್‌ಫ್ಲೋರ್‌ನಲ್ಲಿ ಗಟ್ಟಿ ಮಾಡಿದರು. ಚಿಕನ್ ಹೋಗಿ ಹೂಕೋಸು ಬಂದು ಗೋಬಿ ಆಯಿತು.

ಅದನ್ನು ಹಾಳು ಮಾಡಿದ್ದು ಬಣ್ಣ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ ಗೋಬಿಯ 171 ಮಾದರಿಗಳಲ್ಲಿ 107 ಸುರಕ್ಷಿತವಲ್ಲ ಎಂದು ಆಗ ಆರೋಗ್ಯ ಸಚಿವರು ಹೇಳಿದ್ದರು. ನಿಷೇಧದ ಸುದ್ದಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ ರೋಡಮೈನ್-ಬಿ ಅಂದರೆ ಬಟ್ಟೆಗೆ ಹಾಕುವ ಬಣ್ಣ. ಅದಾದ ಮೇಲೂ ನನ್ನ ಹತ್ತಿರ ಗ್ರಾಹಕರು ಬಂದು "ಗೋಬಿ ಕೆಂಪಗೆ ಇರಲಿ" ಅನ್ನುತ್ತಾರೆ. ನಾನು ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಅರೆದು ಹಾಕುತ್ತೇನೆ. ಅದರಿಂದ ಬರುವ ಕೆಂಪು ಇಟ್ಟಿಗೆಯ ಕೆಂಪು. ಕಣ್ಣಿಗೆ ಹೊಡೆಯುವುದಿಲ್ಲ, ಬೆರಳಿಗೆ ಅಂಟುವುದಿಲ್ಲ. ಇಲ್ಲಿ ಬಂದ ಗೋಬಿಯ ಬಣ್ಣ ಅದೇ. ಪೇಪರ್ ನ್ಯಾಪ್ಕಿನ್ ಮೇಲೆ ಒಂದು ತುಂಡು ಒತ್ತಿ ನೋಡಿದೆ. ಎಣ್ಣೆಯ ಗುರುತು ಬಂತು, ಗುಲಾಬಿ ಕಲೆ ಬರಲಿಲ್ಲ. ಕೇಳಿದಾಗ ಬ್ಯಾಡಗಿ ಅಂತಲೇ ಹೇಳಿದರು. ಗರಿಗರಿ ಚೆನ್ನಾಗಿತ್ತು. ಮಗಳು ಪೂರ್ತಿ ಮುಗಿಸಿದಳು. ಅಮ್ಮನಿಗೆ ಮಾತ್ರ ಎಣ್ಣೆಯ ಕಾರಣಕ್ಕೆ ಇಲ್ಲ.

ಈಗ ಬಾರ್. ನಾನು ಒಂದು ಕಾಕ್‌ಟೇಲ್ ಕುಡಿದೆ, ಅಕ್ಕ ಒಂದು, ಭಾವ ಒಂದು. ಕಾರು ಓಡಿಸಬೇಕಿದ್ದ ನಮ್ಮನೆಯವರು ಮುಟ್ಟಲಿಲ್ಲ. ನನ್ನದು ವೀಳ್ಯದೆಲೆಯ ಜಿನ್. ಜಿಐ, ಅಂದರೆ ಭೌಗೋಳಿಕ ಗುರುತು, ಪಡೆದ ಮೈಸೂರು ವೀಳ್ಯದೆಲೆಯನ್ನು ಜಿನ್ನಿನಲ್ಲಿ ಸ್ವಲ್ಪ ಹೊತ್ತು ಮಾತ್ರ ನೆನೆಸುತ್ತಾರಂತೆ. ಜಾಸ್ತಿ ಹೊತ್ತು ಬಿಟ್ಟರೆ ಎಲೆಯ ಕಹಿ ಇಳಿಯುತ್ತದೆ. ನಿಂಬೆರಸ, ಒಂದಿಷ್ಟು ಸಕ್ಕರೆ ಪಾಕ, ಅಷ್ಟೇ. ಎಲೆಯಡಿಕೆ ಹಾಕಿಕೊಂಡಾಗ ಮೂಗಿಗೆ ಬರುವ ಆ ಘಾಟು ಮೊದಲು, ಹುಳಿ ಆಮೇಲೆ. ಹುರುಳಿಕಾಯಿಯ ಎಣ್ಣೆ, ಬೆಳ್ಳುಳ್ಳಿ ಎರಡನ್ನೂ ಬಾಯಿಂದ ತೊಳೆದುಬಿಡುತ್ತದೆ. ಊಟದ ಜೊತೆ ಕುಡಿಯಬೇಕಾದದ್ದು ಹೀಗಿರಬೇಕು. ಅಳತೆಯ ಲೋಟ ಹಿಡಿದು ಎದುರಿಗೇ ಅಳೆದು ಹಾಕಿದರು, ಅದೂ ಇಷ್ಟವಾಯಿತು.

ಭಾವನಿಗೆ ಬೆಲ್ಲ, ಶುಂಠಿ ಹಾಕಿದ ರಮ್. ಭಾವ ಕಬ್ಬು ಬೆಳೆಯುವವರು. ಅವರ ಅಪ್ಪನ ಕಾಲದಲ್ಲಿ ಮನೆಯಲ್ಲೇ ಆಲೆಮನೆ ಇತ್ತು. ಬೆಲ್ಲದ ವಿಷಯದಲ್ಲಿ ಅವರನ್ನು ಏಮಾರಿಸಲು ಆಗುವುದಿಲ್ಲ. ಒಂದು ಗುಟುಕು ಕುಡಿದು, "ಇದು ಹೈಡ್ರೋಸ್ ಹಾಕಿದ ಹಳದಿ ಬೆಲ್ಲ ಅಲ್ಲ ಕಣಮ್ಮ, ಕಪ್ಪು ಬೆಲ್ಲ" ಅಂದರು. ಬೆಲ್ಲವೂ ಗೋಬಿಯ ಹಾಗೆಯೇ ಬಣ್ಣಕ್ಕೆ ಬಲಿಯಾದದ್ದು. ಹಳದಿಯಾಗಿ ಹೊಳೆಯದಿದ್ದರೆ ಮಂಡಿಯಲ್ಲಿ ರೇಟು ಸಿಗುವುದಿಲ್ಲ ಅಂತ ಪಾಕಕ್ಕೆ ಹೈಡ್ರೋಸ್‌ನಂಥ ರಾಸಾಯನಿಕ ಹಾಕುತ್ತಾರೆ. ಬಾರ್ ನಡೆಸುವ ಹುಡುಗಿ ಒಳಗಿನಿಂದ ಅಚ್ಚು ತಂದು ತೋರಿಸಿದಳು. ಕಡುಕಂದು ಬಣ್ಣ, ಸ್ವಲ್ಪ ಉಪ್ಪುಪ್ಪು. ಭಾವನಿಗೆ ಆದ ಸಂತೋಷ ಹೇಳತೀರದು. ಯಾವ ಊರಿನ ಆಲೆಮನೆ, ಎಷ್ಟಕ್ಕೆ ತರುತ್ತೀರಿ ಅಂತ ಅವಳ ಜೊತೆ ಮಾತಿಗೆ ನಿಂತರು.

ಆಗ ನಾನು ಓದಿದ್ದ ಒಂದು ವಿಷಯ ಹೇಳಿದೆ. ಭಾರತಕ್ಕೆ ಬಂದು ನೆಲೆಸಿದ ಮೊದಲ ಚೀನಿಯರಲ್ಲಿ ಒಬ್ಬ ಟಾಂಗ್ ಅಚ್ಯೂ. 18ನೇ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಕಲ್ಕತ್ತಾ ಹತ್ತಿರ ಹೂಗ್ಲಿ ನದಿಯ ದಂಡೆಯಲ್ಲಿ ಜಮೀನು ಪಡೆದ. ಅಲ್ಲಿ ಅವನು ಬೆಳೆದದ್ದು ಕಬ್ಬು, ಹಾಕಿದ್ದು ಸಕ್ಕರೆ ಗಿರಣಿ. ಆ ಊರು ಇವತ್ತಿಗೂ ಅಚಿಪುರ. ಆಮೇಲೆ ಬಂದ ಚೀನಾದ ಹಕ್ಕಾ ಜನ ಕಲ್ಕತ್ತಾದ ಟಾಂಗ್ರಾದಲ್ಲಿ ಚರ್ಮ ಹದ ಮಾಡುವ ಕೆಲಸ ಮಾಡಿದರು, ಹೋಟೆಲು ಇಟ್ಟರು. ನಮ್ಮ ಮೆನುಗಳಲ್ಲಿ ಕಾಣುವ ಹಕ್ಕಾ ನೂಡಲ್ಸ್ ಆ ಜನರ ಹೆಸರಿನದು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ. "ಹಂಗಾದ್ರೆ ನಮಗಿಂತ ಮುಂಚೆ ಚೀನಾದವ್ರು ಇಲ್ಲಿ ಬಂದು ಸಕ್ಕರೆ ಮಾಡಿದ್ರು ಅನ್ನು" ಅಂತ ಭಾವ ಆ ವಿಷಯವನ್ನು ಬಿಡಲೇ ಇಲ್ಲ. ದಾರಿಯುದ್ದಕ್ಕೂ ಅದೇ ಮಾತು.

ಅಕ್ಕನ ಕಾಕ್‌ಟೇಲ್ ಚೆನ್ನಾಗಿರಲಿಲ್ಲ. ಮೆನುವಿನಲ್ಲಿ ನಂಜನಗೂಡು ರಸಬಾಳೆ ಅಂತ ಬರೆದಿದೆ. ಬಂದದ್ದು ಬರೀ ಸಿಹಿ, ರಸಬಾಳೆಯ ಪರಿಮಳ ಇಲ್ಲ. ಕೇಳಿದರೆ, ರಸಬಾಳೆ ಸಿಗದ ದಿನ ಏಲಕ್ಕಿ ಬಾಳೆ ಹಾಕುತ್ತೇವೆ ಎಂದರು. ರಸಬಾಳೆ ಸಿಗುವುದು ಕಷ್ಟ ಅನ್ನುವುದು ನನಗೂ ಗೊತ್ತು. ಸೊರಗು ರೋಗ ತಗುಲಿ ಎಷ್ಟೋ ತೋಟಗಳು ಹೋದವು. ಅದನ್ನು ಕಷ್ಟಪಟ್ಟು ಉಳಿಸಿಕೊಂಡು ಬರುತ್ತಿರುವ ರೈತರು ಇದ್ದಾರೆ. ಅವರ ಹಣ್ಣಿನ ಹೆಸರು ಬರೆದು ಬೇರೆ ಹಣ್ಣು ಹಾಕಬಾರದು. ಇಲ್ಲದ ದಿನ ಇಲ್ಲ ಅಂದರಾಯಿತು. ಗೋಬಿಯಲ್ಲಿ, ಎಣ್ಣೆಯಲ್ಲಿ ಅಷ್ಟು ನಿಜ ಹೇಳುವ ಜಾಗಕ್ಕೆ ಇದು ಒಪ್ಪುವುದಿಲ್ಲ. ಆ ಗ್ಲಾಸಿನ ದುಡ್ಡು ಬಿಲ್ಲಿನಿಂದ ತೆಗೆದರು, ಕೇಳದೆಯೇ.

ಮದ್ಯ ಇಲ್ಲದ ಪಾನೀಯಗಳ ಬಗ್ಗೆ ಖುಷಿಯಿಂದ ಬರೆಯುತ್ತೇನೆ. ಬಾರ್‌ಗಳಲ್ಲಿ ಕುಡಿಯದವರಿಗೆ ಬಣ್ಣದ ಸೋಡಾ ಕೊಟ್ಟು ಕೂರಿಸುವುದೇ ಹೆಚ್ಚು. ಇಲ್ಲಿ ಅಮ್ಮನಿಗೆ ಕೊಟ್ಟದ್ದು ತಣ್ಣನೆಯ ಮಲ್ಲಿಗೆ ಚಹಾ, ಅದಕ್ಕೆ ಸ್ವಲ್ಪ ಜೇನು, ಮೂಸಂಬಿ ರಸ. ಚೀನಾದಲ್ಲಿ ಸಂಜೆ ಬಿರಿಯುವ ಮಲ್ಲಿಗೆ ಮೊಗ್ಗುಗಳನ್ನು ಚಹಾ ಎಲೆಯ ಜೊತೆ ಬೆರೆಸಿ ರಾತ್ರಿಯಿಡೀ ಬಿಡುತ್ತಾರೆ. ಎಲೆ ಪರಿಮಳ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಹೂ ಬೇರೆ ಮಾಡುತ್ತಾರೆ. ಒಳ್ಳೆಯ ಚಹಾಕ್ಕೆ ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಎಸೆನ್ಸ್ ಹಾಕಿದ್ದಾದರೆ ಮೊದಲ ಗುಟುಕಲ್ಲೇ ಸೋಪಿನ ವಾಸನೆ ಬರುತ್ತದೆ, ಇದರಲ್ಲಿ ಬರಲಿಲ್ಲ. "ಇದ್ರಲ್ಲಿ ಏನೂ ಹಾಕಿಲ್ಲ ತಾನೇ?" ಅಂತ ಅಮ್ಮ ಕೇಳಿದ್ದಕ್ಕೆ ಬಾರ್ ಹುಡುಗಿ ಬೇರೆ ಶೇಕರ್ ತಂದು ತೋರಿಸಿ, ಅಮ್ಮನ ಎದುರಿಗೇ ಕಲಸಿದಳು. ಮಗಳೂ ನಮ್ಮನೆಯವರೂ ಅದನ್ನೇ ತರಿಸಿಕೊಂಡರು.

ನೂಡಲ್ಸ್, ಫ್ರೈಡ್ ರೈಸ್ ಎರಡೂ ಚೆನ್ನಾಗಿದ್ದವು. ಅನ್ನ ಹಿಂದಿನ ದಿನ ಮಾಡಿ ಆರಿಸಿ ಫ್ರಿಜ್ಜಿನಲ್ಲಿಟ್ಟದ್ದು, ಅದಕ್ಕೇ ಅಗುಳು ಬಿಡಿಬಿಡಿ.

ಮೀನು ಮಾತ್ರ ಬೇಸರ ತರಿಸಿತು. ಕ್ಯಾಂಟನ್ ಶೈಲಿಯಲ್ಲಿ ಇಡೀ ಮೀನನ್ನು ಹಬೆಯಲ್ಲಿ ಬೇಯಿಸಿ, ಮೇಲೆ ಶುಂಠಿ, ಈರುಳ್ಳಿ ಹೂ ಹರಡಿ, ಕಾದ ಎಣ್ಣೆ ಸುರಿಯುತ್ತಾರೆ. ಮಸಾಲೆಯ ಮರೆ ಇಲ್ಲದ ಅಡುಗೆ. ಮೂಳೆಯ ಹತ್ತಿರ ಮಾಂಸ ಈಗಷ್ಟೇ ಬಿಡುವಂತಿರುವಾಗ ಇಳಿಸಬೇಕು. ಇಲ್ಲಿ ಎರಡು ಮೂರು ನಿಮಿಷ ಜಾಸ್ತಿ ಇಟ್ಟಿದ್ದರು, ಹತ್ತಿಯಂತೆ ಒಣಗಿತ್ತು. ಕೆಆರ್‌ಎಸ್ ಹಿನ್ನೀರಿನ ಮೀನು ತಿಂದು ಬೆಳೆದ ಅಕ್ಕ ಒಂದು ತುತ್ತು ತಿಂದು ಬಿಟ್ಟಳು. ಮೀನು ಕೆಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮೊದಲೆರಡು ತಟ್ಟೆ ಒಂದಾದ ಮೇಲೆ ಒಂದು ಬಂದವು. ಆಮೇಲೆ ತೋಫು, ಗೋಬಿ, ನೂಡಲ್ಸ್, ಮೀನು ಎಲ್ಲ ಒಟ್ಟಿಗೆ ಬಂದು ಟೇಬಲ್ ತುಂಬಿತು. ಅಷ್ಟು ಉರಿಯಲ್ಲಿ ಮಾಡಿದ ಅಡುಗೆ ಬಿಸಿ ಇರುವುದೇ ಸ್ವಲ್ಪ ಹೊತ್ತು. ಒಂದು ತಿನ್ನುವಷ್ಟರಲ್ಲಿ ಇನ್ನೊಂದು ತಣ್ಣಗಾಯಿತು. ಅಡುಗೆಯವರ ಶ್ರಮ ಬಡಿಸುವಲ್ಲಿ ಹಾಳಾಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಎಂಟು ಗಂಟೆಯ ಮೇಲೆ ಸಂಗೀತದ ಸದ್ದು ಏರಿಸಿದರು. ಅಮ್ಮನಿಗೆ ಮಾತು ಕೇಳುತ್ತಿರಲಿಲ್ಲ, ಹೇಳಿದ ಮೇಲೆ ತಗ್ಗಿಸಿದರು. ಸಿಹಿಗೆ ಜೇನು ನೂಡಲ್ಸ್, ಐಸ್ ಕ್ರೀಮ್ ಇತ್ತು. ತಿನ್ನದಿದ್ದರೂ ನಡೆಯುತ್ತದೆ.

ಆರು ಜನಕ್ಕೆ ಎಲ್ಲಾ ಸೇರಿ 6,000 ರೂಪಾಯಿಯ ಆಸುಪಾಸು ಆಯಿತು. ಹುರುಳಿಕಾಯಿ 320, ಮಾಪೋ ತೋಫು 390, ಕಾಕ್‌ಟೇಲ್ 450ರಿಂದ ಶುರು, ಮಲ್ಲಿಗೆ ಚಹಾ 220. ಊಟಕ್ಕೆ 5 ಶೇಕಡಾ ಜಿಎಸ್‌ಟಿ. ಮದ್ಯ ಜಿಎಸ್‌ಟಿಗೆ ಬರುವುದಿಲ್ಲ, ಅದರ ಬಿಲ್ ಬೇರೆ. ಸರ್ವಿಸ್ ಚಾರ್ಜ್ ಸೇರಿಸಿರಲಿಲ್ಲ. ಗ್ರಾಹಕರನ್ನು ಕೇಳದೆ ಅದನ್ನು ಸೇರಿಸಬಾರದು ಅಂತ 2022ರಲ್ಲೇ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ. ಆದರೂ ಎಷ್ಟೋ ಕಡೆ ಸೇರಿಸುತ್ತಾರೆ.

ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿವೆ. ಮಂಡಿ ನೋವಿರುವವರನ್ನು ಕರೆದೊಯ್ಯುವುದಾದರೆ ಯೋಚಿಸಿ. ವಾರದ ನಡುವೆ ಏಳು ಗಂಟೆಗೆ ಹೋಗಿ, ಅಡುಗೆಮನೆಯ ಗಾಜಿನ ಎದುರಿನ ಟೇಬಲ್ ಕೇಳಿ. ಆರ್ಡರನ್ನು ಒಂದೇ ಸಲಕ್ಕೆ ಕೊಡಬೇಡಿ. ಎರಡೆರಡು ತಟ್ಟೆ ಹೇಳಿ, ಅವು ಮುಗಿದ ಮೇಲೆ ಮುಂದಿನದನ್ನು ಹೇಳಿ. ರಸಬಾಳೆಯ ಕಾಕ್‌ಟೇಲ್ ಬೇಕಿದ್ದರೆ ಇವತ್ತು ಯಾವ ಹಣ್ಣು ಬಂದಿದೆ ಅಂತ ಮೊದಲೇ ಕೇಳಿಕೊಳ್ಳಿ.